ದೇವದುರ್ಗದ ಕಡೆಯ ಚಕ್ರ

ವೈರ್‌ಲೆಸ್ ಯಂತ್ರದ ಮುಚ್ಚಳದ ಕೊನೆಯ ತಿರುಪು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು, ತಗಡನ್ನು ಪಕ್ಕಕ್ಕೆ ಸರಿಸಿ ಟಾರ್ಚಿನ ಬೆಳಕು ಬಿಟ್ಟ ಗೋಪಮ್ಮ ಹಾಗೆಯೇ ಬಗ್ಗಿ ನಿಂತುಬಿಟ್ಟಳು. ಹುಡುಕುವಂಥದ್ದು ಏನೂ ಇರಲಿಲ್ಲ. ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಬರುವಾಗ ಅವಳು ಮನಸ್ಸಿನಲ್ಲೇ ಅನುಮಾನಗಳನ್ನು ಜೋಡಿಸಿಕೊಂಡಿದ್ದಳು. ತಂತಿಯ ಬೆಸುಗೆ ಬಿಟ್ಟಿರಬಹುದು, ಬ್ಯಾಟರಿ ಇಳಿದಿರಬಹುದು, ಮಳೆಗಾಳಿಗೆ ಏರಿಯಲ್ ತಿರುಗಿರಬಹುದು. ಅವು ಯಾವುವೂ ಬೇಕಾಗಲಿಲ್ಲ. ಯಂತ್ರದೊಳಗೆ ಅಕ್ಕಪಕ್ಕ ಹಲ್ಲಿನ ಎರಡು ಚಿಕ್ಕ ಚಕ್ರಗಳು, ಬೆರಳ ತುದಿಯಿಂದ ತಿರುಗಿಸುವಂಥವು. ಎಡಗಡೆಯದು ರಾಯಚೂರಿನ ಕಡೆಯದು. ಅದರ ಕಿಂಡಿಯಲ್ಲಿ ಮೂರು ಎಂದಿತ್ತು. ಬಲಗಡೆಯದು ದೇವದುರ್ಗದ ಕಡೆಯದು. ಅದರ ಕಿಂಡಿಯಲ್ಲಿ ಒಂದು ಎಂದಿತ್ತು. ಅಲ್ಲಿಯೂ ಮೂರು ಇರಬೇಕಿತ್ತು. ಬೇಸಿಗೆಯಲ್ಲಿ ಬಂದು ಎರಡನ್ನೂ ಮೂರಕ್ಕೆ ತಿರುಗಿಸಿ ಹೋಗಬೇಕಾಗಿದ್ದವಳು ಅವಳೇ. ಒಂದನ್ನು ತಿರುಗಿಸಿ, ಇನ್ನೊಂದನ್ನು ಬಿಟ್ಟು, ಇದೇ ತಿರುಪುಗಳನ್ನು ಬಿಗಿ ಮಾಡಿ ಮುಚ್ಚಿ ಹೋಗಿದ್ದಳು.

ಟಾರ್ಚನ್ನು ಇನ್ನೂ ಹತ್ತಿರ ಹಿಡಿದು ಬಲಗಡೆಯ ಕಿಂಡಿಯ ಅಂಕಿಯನ್ನು ಅವಳು ಮತ್ತೊಮ್ಮೆ ಓದಿದಳು.

"ಏನರ ಸಿಕ್ತೇನು ಬೇಟಿ?" ಹಿಂದಿನಿಂದ ಖಾಸಿಂ ಸಾಬ್ ಕೇಳಿದರು. ಮಾನ್ವಿ ಠಾಣೆಯ ಆಪರೇಟರ್ ಅವರು. ಬೆಳಿಗ್ಗೆಯಿಂದ ಅವಳಿಗಾಗಿ ಕಾದು, ಮೇಜಿನ ಮೇಲಿನ ಧೂಳು ಒರೆಸಿ, ಮನೆಯಿಂದ ತಂದ ತಟ್ಟೆಗೆ ಇನ್ನೊಂದು ತಟ್ಟೆ ಬೋರಲು ಹಾಕಿ ಇಟ್ಟಿದ್ದರು. ಅವರ ದನಿಯಲ್ಲಿ ಅನುಮಾನ ಇರಲಿಲ್ಲ. ಮನೆಯ ಗಡಿಯಾರ ರಿಪೇರಿಗೆ ಕೊಟ್ಟವರ ಕುತೂಹಲ ಅಷ್ಟೇ ಇತ್ತು. ಗೋಪಮ್ಮನ ಬೆರಳು ತಾನಾಗಿಯೇ ಹೋಗಿ ಬಲಗಡೆಯ ಚಕ್ರವನ್ನು ತಿರುಗಿಸಿತು. ಎರಡು, ಮೂರು. ಕಿಟ್ ಕಿಟ್ ಎಂದಿತು, ಅಷ್ಟೇ. ಯಂತ್ರದ ಮುಖದ ಮೇಲೆ ಇಷ್ಟು ದಿನ ಒಮ್ಮೆ ಕೆಂಪು ಒಮ್ಮೆ ಹಸಿರು ಎಂದು ಬದಲಾಗುತ್ತಿದ್ದ ದೇವದುರ್ಗದ ದೀಪ ಹಸಿರಾಯಿತು. ಅವರಿಬ್ಬರೂ ಅದನ್ನೇ ನೋಡುತ್ತ ನಿಂತರು. ದೀಪ ಹಸಿರಾಗಿಯೇ ಉಳಿಯಿತು.

"ಯಾ ಅಲ್ಲಾ! ಇಷ್ಟ ಏನು?" ಖಾಸಿಂ ಸಾಬ್ ನಕ್ಕರು. "ಬ್ಯಾಸಿಗಿಂದ ಇದು ಕಣ್ಣು ಹೊಡದಂಗ ಹೊಡೀತಿತ್ತು ನೋಡು. ನಾ ನಿನಗ ಹೇಳಿದ್ದೆ, ನೆಪ್ಪದ ಏನು? ನೀ ಅಂದಿ, ದೇವದುರ್ಗದಾಗ ಬಂದ್ ಮಾಡಿ ಹಚ್ಚಿ ಮಾಡ್ತಾರೇನೋ ಅಂತ. ಏನಾಗಿತ್ತು ಬೇಟಿ?"

"ಏನಿಲ್ಲರಿ. ಒಳಗ ಲೂಜ್ ಇತ್ತು," ಎಂದಳು ಗೋಪಮ್ಮ. ಹೇಳಿದ ಮೇಲೆ ತನ್ನ ಬಾಯಿಂದಲೇ ಆ ಮಾತು ಬಂದದ್ದಕ್ಕೆ ಬೆಚ್ಚಿದಳು. ಎಷ್ಟು ಸಲೀಸಾಗಿ ಬಂದುಬಿಟ್ಟಿತು! ಯಾರೂ ಕೇಳುವ ಮೊದಲೇ ಒಳಗೆ ಯಾರೋ ತಯಾರಿಸಿ ಇಟ್ಟಿದ್ದಂತೆ.

ಯಂತ್ರಗಳು ಹೈದರಾಬಾದಿನಿಂದ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಎಂಬತ್ತಾರರ ಬೇಸಿಗೆ. ನದಿ ಸಂದೇಶ ಘಟಕ ಎಂಬ ಬೋರ್ಡಿನ ಕೆಳಗೆ ನಾಲ್ಕೈದು ಜನ ಕೂಡುವ ರಾಯಚೂರಿನ ಆ ಆಫೀಸಿಗೆ ಅವು ದೊಡ್ಡ ಸಂಗತಿ. ಮೊದಲು ವೈರ್‌ಲೆಸ್ ಎಂದರೆ ಮನುಷ್ಯ ಕೂತು ಕೂಗಬೇಕು, ಇನ್ನೊಬ್ಬ ಮನುಷ್ಯ ಕೂತು ಕೇಳಬೇಕು. ಈ ಯಂತ್ರಗಳು ತಾವೇ ಕೂಗಿಕೊಳ್ಳುತ್ತಿದ್ದವು. ರಾಯಚೂರಿನ ನೆರೆಯದು ಮಾನ್ವಿ, ಮಾನ್ವಿಯ ನೆರೆಯದು ದೇವದುರ್ಗ. ಪ್ರತಿಯೊಂದೂ ತನ್ನ ನೆರೆಯ ಯಂತ್ರಕ್ಕೆ ಆಗಾಗ ಒಂದು ಸಣ್ಣ ಸದ್ದು ಕಳಿಸಿ, ನಾನಿದ್ದೇನೆ ಎಂದು ತಿಳಿಸಬೇಕು. ಇಷ್ಟು ನಿಮಿಷ ಕಾದರೂ ನೆರೆಯ ಸದ್ದು ಬರದಿದ್ದರೆ ಅದು ಸತ್ತಿದೆ ಎಂದು ತಿಳಿದು ಆ ದಾರಿಯನ್ನು ಮುಚ್ಚಬೇಕು. ಎಷ್ಟು ನಿಮಿಷ ಕಾಯಬೇಕು ಎಂಬುದನ್ನು ಹೇಳುವುದು ಆ ಚಕ್ರ. ಮೊದಲು ಸದ್ದು ಅರ್ಧ ನಿಮಿಷಕ್ಕೊಮ್ಮೆ ಹೋಗುತ್ತಿತ್ತು, ಕಾಯುವುದು ಒಂದು ನಿಮಿಷ. ಬ್ಯಾಟರಿ ಉಳಿಯಬೇಕೆಂದು ಆಫೀಸರ್ ಬುರ್ಹಾನುದ್ದೀನ್ ಸಾಹೇಬರು, ಎರಡು ನಿಮಿಷಕ್ಕೊಮ್ಮೆ ಸದ್ದು ಕಳಿಸಿದರೆ ಸಾಕು, ಮೂರು ನಿಮಿಷ ಕಾಯಲಿ ಎಂದು ಹೇಳಿ ಅವಳನ್ನು ಮೂರೂ ಊರಿಗೆ ಕಳಿಸಿದ್ದರು. ಹೋಗಿದ್ದಳು. ದೇವದುರ್ಗದ ಯಂತ್ರ ಹೇಳಿದಂತೆ ಎರಡು ನಿಮಿಷಕ್ಕೊಮ್ಮೆ ಕೂಗಿತು. ಮಾನ್ವಿಯ ಯಂತ್ರ ಒಂದೇ ನಿಮಿಷ ಕಾದು, ದೇವದುರ್ಗ ಸತ್ತಿತು ಎಂದುಕೊಂಡಿತು. ಮತ್ತೆ ಕೂಗು ಕೇಳಿದಾಗ ಬದುಕಿತು ಎಂದುಕೊಂಡಿತು. ಒಂದು ನಿಮಿಷ ಇದೆ, ಒಂದು ನಿಮಿಷ ಇಲ್ಲ. ಇರುವ ನಿಮಿಷದಲ್ಲಿ ಬಂದ ಸುದ್ದಿ ದಾಟಿತು. ಇಲ್ಲದ ನಿಮಿಷದಲ್ಲಿ ಬಂದ ಸುದ್ದಿ ಬಾಗಿಲಲ್ಲೇ ತಿರುಗಿತು.

ಮಾಳಿಂಗಪ್ಪ ಸತ್ತದ್ದು ಹಾಗೆ.

ಆ ಹೆಸರು ಇಷ್ಟು ಹೊತ್ತು ಅವಳ ಹಿಂದೆಯೇ ಎಲ್ಲೋ ನಿಂತಿತ್ತು. ಈಗ ಮುಂದೆ ಬಂತು. ಕೃಷ್ಣೆಯ ನಡುಗಡ್ಡೆಯಲ್ಲಿ ಕುರಿ ಬಿಟ್ಟುಕೊಂಡು ಅಲ್ಲೇ ಮಲಗಿದ್ದ ಅರಕೇರಾದ ಹುಡುಗ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತೇವೆ ಎಂದು ದೀಪ ಹಚ್ಚುವ ಹೊತ್ತಿಗೆ ರಾಯಚೂರಿಗೆ ಸುದ್ದಿ ಬಂದಿತ್ತು. ರಾಯಚೂರಿನವರು ಯಂತ್ರಕ್ಕೆ ಕೊಟ್ಟರು. ದೇವದುರ್ಗ ಇಲ್ಲ ಎಂದು ಮಾನ್ವಿ ಹೇಳಿತು. ಮತ್ತೊಮ್ಮೆ ಕೊಟ್ಟರು, ಇಲ್ಲ ಎಂದಿತು. ಗಾಳಿಗೆ ಟೆಲಿಫೋನ್ ತಂತಿಯೂ ಹರಿದಿತ್ತು. ಬೆಳಿಗ್ಗೆ ನೋಡೋಣ ಎಂದುಕೊಂಡರು. ದೇವದುರ್ಗದ ಆಪರೇಟರ್ ಪರಮಣ್ಣ ಡಂಗುರದವನನ್ನು ನದಿಯ ಹಳ್ಳಿಗಳಿಗೆ ಕಳಿಸಬೇಕಾಗಿತ್ತು, ಕಳಿಸಲಿಲ್ಲ. ಬೆಳಗಾಗುವಷ್ಟರಲ್ಲಿ ನಡುಗಡ್ಡೆ ಇರಲಿಲ್ಲ. ಸತ್ತ ಹುಡುಗ ಪರಮಣ್ಣನ ಸ್ವಂತ ತಮ್ಮ ಎಂದು ಗೊತ್ತಾದಾಗ ಆಫೀಸಿನಲ್ಲಿ ಎಲ್ಲರೂ ಲೊಚಗುಟ್ಟಿದ್ದರು. ಆಮೇಲೆ ಸಾಹೇಬರು ಪರಮಣ್ಣನನ್ನು ಕರೆಸಿ, ಯಂತ್ರ ಬಂದ್ ಮಾಡ್ತಿದ್ರೇನು ಎಂದು ಕೇಳಿದ್ದರು. ಅವನು ಹೌದು ಎಂದನಂತೆ. ಅವನನ್ನು ಕೆಲಸದಿಂದ ತೆಗೆದ ಮೇಲೂ ಮಾನ್ವಿಯ ದೀಪ ಹಾಗೆಯೇ ಬದಲಾಗುತ್ತಿದ್ದುದರಿಂದ ಅವಳನ್ನು ಈಗ ಇಲ್ಲಿಗೆ ಕಳಿಸಿದ್ದರು. ಅವನನ್ನು ಕರೆಸುವ ಮೊದಲು ಅವಳನ್ನು ಕರೆದಿದ್ದರು. "ಗೋಪಮ್ಮ, ನೋಡ್ರಿ, ಮಿಷಿನ್ ನೀವು ಹಾಕಿದ್ದು. ಅಂವ ಬಂದ್ ಮಾಡಿ ಎದ್ದು ಹೋಗ್ತಿರಬಹುದೇನು?" ಗೋಡೆಯ ಮೇಲಿನ ನಕಾಶೆಯನ್ನು ನೋಡುತ್ತ ಅವಳು ಹೇಳಿದ್ದಳು: "ಇರಬಹುದು ಸಾರ್."

ಇರಬಹುದು. ಆ ಮಾತಿಗೆ ಎಷ್ಟು ಭಾರ ಇರಬಹುದೆಂದು ಆಗ ಅವಳಿಗೆ ಅನಿಸಿರಲಿಲ್ಲ. ಇಲ್ಲ, ಅನಿಸಿತ್ತು. ಹೇಳುವಾಗ ನಾಲಿಗೆಗೆ ಒಂಥರಾ ರುಚಿ ಹತ್ತಿತ್ತು. ಅದನ್ನು ಈಗ ಖಾಸಿಂ ಸಾಬರ ಮೇಜಿನ ಮುಂದೆ, ಹಸಿರು ದೀಪದ ಎದುರಿಗೆ ನಿಂತು ಅವಳು ನೆನೆದಳು.

ಬೇಸಿಗೆಯಲ್ಲಿ ದೇವದುರ್ಗದ ಆ ಒಂದೇ ಕೋಣೆಯ ಠಾಣೆಗೆ ಹೋದಾಗ ಪರಮಣ್ಣ ಎದ್ದು ನಿಂತು ಬರ್ರಿ ಮೇಡಂ ಎಂದಿದ್ದ. ನಲವತ್ತು ದಾಟಿದ, ಕಿವಿಯ ಮೇಲೆ ಕೂದಲು ಬೆಳ್ಳಗಾದ ಮನುಷ್ಯ. ಡಿಪ್ಲೊಮಾ ಪಾಸಾಗಿ ಬಂದ ಹುಡುಗಿಯೊಬ್ಬಳು ತನಗೆ ಯಂತ್ರ ಕಲಿಸಲು ಬಂದಿದ್ದಾಳೆ ಎಂಬುದರಲ್ಲಿ ಅವನಿಗೆ ಬೇಸರ ಇದ್ದಂತೆ ಕಾಣಲಿಲ್ಲ. ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದ. ನಡುವೆ, ರಾಯಚೂರಾಗ ಯಾವ ಓಣಿ ಆತ್ರಿ ನಿಮ್ದು ಎಂದ. ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿ ಎಂದಳು. ಹಾಂ ಹಾಂ ಎಂದ. ಚಹಾ ತರಿಸಿದ. ಅವನದು ಕಪ್-ಬಸಿಯಲ್ಲಿ ಬಂತು, ಅವಳದು ಗಾಜಿನ ಗ್ಲಾಸಿನಲ್ಲಿ. ಕುಡಿದು ಗ್ಲಾಸನ್ನು ಎಲ್ಲಿಡಲಿ ಎಂದು ನೋಡಿದಾಗ, ಅಲ್ಲೇ ಕಿಟಕಿಗೆ ಇರ್ಲಿ ಬಿಡ್ರಿ ಎಂದ, ಮೃದುವಾಗಿಯೇ. ಕೆಲಸ ಮುಗಿಸಿ ಬಸ್ಸಿಗೆ ಹೊರಟವಳು ಮರೆತ ಛತ್ರಿಗೆ ತಿರುಗಿ ಬಂದಾಗ, ಅವನು ಹಳೆಯ ಪತ್ರಿಕೆಯ ಚೂರಿನಲ್ಲಿ ಆ ಗ್ಲಾಸನ್ನು ಹಿಡಿದು, ಹಿತ್ತಲಿನ ಜಾಲಿಯೊಳಗೆ ಎಸೆಯುತ್ತಿದ್ದ. ಕೈಗೆ ತಾಗದಂತೆ ಪತ್ರಿಕೆಯ ಚೂರಿನಲ್ಲಿ. ಅವಳು ಛತ್ರಿ ತೆಗೆದುಕೊಳ್ಳದೆ ಹಾಗೇ ಹೊರಟುಬಿಟ್ಟಿದ್ದಳು. ಅದೇ ಸಂಜೆ ಮಾನ್ವಿಗೆ ಬಂದು ಈ ಮುಚ್ಚಳ ತೆಗೆದಿದ್ದಳು. ಕಣ್ಣೆದುರಿಗೆ ಆ ಪತ್ರಿಕೆಯ ಚೂರೇ ಕುಣಿಯುತ್ತಿತ್ತು. ಎಡಗಡೆಯ ಚಕ್ರ ತಿರುಗಿಸಿದ್ದು ನೆನಪಿದೆ. ಬಲಗಡೆಯದಕ್ಕೆ ಬಂದಾಗ ದೇವದುರ್ಗ ಎಂದು ಬರೆದದ್ದನ್ನು ನೋಡಿ ಕೈ ಹಿಂದೆ ಸರಿಯಿತೇ? ಅಥವಾ ಸುಮ್ಮನೆ ಮರೆತಳೇ? ಅಥವಾ ಮರೆತದ್ದಕ್ಕೆ ಈಗ ಆ ಗ್ಲಾಸನ್ನು ಎದುರಿಗೆ ತಂದು ನಿಲ್ಲಿಸುತ್ತಿದ್ದಾಳೆಯೇ? ಎಷ್ಟು ಕೆದಕಿದರೂ ಆ ಗಳಿಗೆ ಸಿಗಲಿಲ್ಲ. ತಿರುಪು ಬಿಗಿ ಮಾಡಿದ್ದು ಮಾತ್ರ ಬೆರಳಿಗೆ ನೆನಪಿತ್ತು.

"ಊಟ ಮಾಡು ಬೇಟಿ. ನಮ್ಮ ಮನಿಯಾಕಿ ಹಸೀನಾ ಜೋಳದ ರೊಟ್ಟಿ ಮಾಡ್ಯಾಳ, ಪುಂಡಿಪಲ್ಯ ಅದ," ಎಂದರು ಖಾಸಿಂ ಸಾಬ್, ತಟ್ಟೆ ಸರಿಸುತ್ತ. ತಮ್ಮ ರೊಟ್ಟಿಯನ್ನೇ ಅರ್ಧ ಮುರಿದು ಅವಳ ಮುಂದಿಟ್ಟರು. "ಪಾಪ, ಪರಮಣ್ಣಂದು ನೆನಸಿದ್ರ ಜೀವ ಚುರ್ ಅಂತದ. ಅವರವ್ವ ಅಂವನ ಕೂಡ ಮಾತು ಬಿಟ್ಟಾಳಂತ. ಅಂವನ ಕೈಯಾಗಿನ ನೀರು ಸೈತ ತಗೊಳ್ಳಂಗಿಲ್ಲಂತ. ಹಡದ ತಾಯಿ ಹಂಗ ಮಾಡಿದ್ರ ಮನಶ್ಯಾ ಹೆಂಗ ಬದಕಬೇಕು ಹೇಳು."

ಗೋಪಮ್ಮ ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಯಂತ್ರದ ಮಾತಿನ ಹಿಡಿಕೆ ತೆಗೆದುಕೊಂಡು ರಾಯಚೂರನ್ನು ಕರೆದಳು. ಬುರ್ಹಾನುದ್ದೀನ್ ಸಾಹೇಬರೇ ಬಂದರು.

"ಆತೇನ್ರಿ? ಇಲ್ಲಿ ಎಲ್ಲಾ ಹಸರು ಕಾಣಾಕತ್ತದ. ಶಾಬಾಶ್! ಏನು ತಪ್ಪಿತ್ತು?"

"ಸಾರ್, ತಪ್ಪು ದೇವದುರ್ಗದಾಗ ಇದ್ದಿಲ್ಲ. ಮಾನ್ವಿಯಾಗ ಇತ್ತು. ದೇವದುರ್ಗದ ಕಡಿ ಚಕ್ರ ನಾ ತಿರುಗಿಸಿದ್ದೇ ಇಲ್ಲ. ಆ ದಿನ ಸುದ್ದಿ..."

ಆ ಕಡೆಯಿಂದ ಬರೀ ಗರಗರ ಸದ್ದು. ಸಂಪರ್ಕ ಕಡಿಯಿತೇನೋ ಎಂದು ಅವಳು ದೀಪ ನೋಡಿದಳು. ಕಡಿದಿರಲಿಲ್ಲ. ಆಮೇಲೆ ಸಾಹೇಬರ ದನಿ ಬೇರೆಯದೇ ಆಗಿ ಬಂತು. ಸಿಟ್ಟಿರಲಿಲ್ಲ, ಹೆದರಿದ ಮನುಷ್ಯನ ಮೆಲುದನಿ. "ಗೋಪಮ್ಮ, ಇಂಥಾ ಮಾತು ಸೆಟ್ ಮ್ಯಾಲ ಆಡಬಾರ್ದು. ಮೂರೂ ಕಡಿ ಕೇಳಸ್ತದ. ಮುಚ್ಚಳ ಹಾಕ್ರಿ, ಸೀದಾ ರಾಯಚೂರಿಗೆ ಬರ್ರಿ. ನಿಮಗಿನ್ನೂ ನೌಕರಿ ಪಕ್ಕಾ ಆಗಿಲ್ಲ, ಖಯಾಲ್ ಅದ ಏನು? ಮನಿ ನಡಿಯೂದು ನಿಮ್ಮ ಪಗಾರದ ಮ್ಯಾಲ. ಬರ್ರಿ, ಕುಂತು ಮಾತಾಡೋಣು. ಪರಮಣ್ಣಂದು ನಾ ಹೆಂಗರ ಮಾಡಿ ಸರಿ ಮಾಡ್ತೀನಿ. ಈಗ ಯಾರ ಮುಂದೂ ಏನೂ ಅನಬ್ಯಾಡ್ರಿ."

ಹಿಡಿಕೆ ಕೆಳಗಿಟ್ಟು ತಿರುಗಿದಾಗ ಖಾಸಿಂ ಸಾಬ್ ಅವಳನ್ನೇ ನೋಡುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಏನಾದರೂ ಅನ್ನಲಿ ಎಂದು ಅವಳು ಕಾದಳು. ಅವರು ಮೆಲ್ಲಗೆ ಬಾಗಿ, ಅವಳ ತಟ್ಟೆಗೆ ಮತ್ತೆ ತಟ್ಟೆ ಬೋರಲು ಹಾಕಿದರು. "ನೊಣ ಕೂಡ್ತಾವ," ಎಂದರು. ಬೇಟಿ ಎನ್ನಲಿಲ್ಲ.

ಮಾನ್ವಿಯ ಬಸ್‌ ನಿಲ್ದಾಣದಲ್ಲಿ ರಾಯಚೂರಿನ ಬಸ್ಸೂ ನಿಂತಿತ್ತು, ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸೂ ನಿಂತಿತ್ತು. ಅವಳು ರಾಯಚೂರಿನ ಬಸ್ಸಿನಲ್ಲಿ ಕೂತಳು. ಪಕ್ಕದಲ್ಲಿ ಕೋಳಿ ಹಿಡಿದ ಹೆಂಗಸು, ಕಾಲಡಿಗೆ ಹಸಿ ಮೆಣಸಿನಕಾಯಿಯ ಚೀಲ. ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನಿದೆ? ಹೇಳಿದರೆ ಮಾಳಿಂಗಪ್ಪ ಬರುತ್ತಾನೆಯೇ? ಪರಮಣ್ಣನಿಗೆ ಕೆಲಸ ಹೇಗೂ ಸಿಗುತ್ತದೆ. ಅವ್ವ ಜಿನ್ನಿನಲ್ಲಿ ಹತ್ತಿ ಹಿಂಜುವುದನ್ನು ಬಿಡಿಸಬೇಕೆಂದು ಹಾಕಿಕೊಂಡ ಲೆಕ್ಕವೆಲ್ಲ ಈ ನೌಕರಿಯ ಮೇಲೆಯೇ. ಅವ್ವ ವೆಂಕಮ್ಮನ ಕೂದಲಲ್ಲಿ, ಹುಬ್ಬಿನಲ್ಲಿ, ಮೂಗಿನ ಹೊಳ್ಳೆಯಲ್ಲಿ ಬೆಳ್ಳಗೆ ಕೂತ ಹತ್ತಿಯ ಧೂಳು. ಮಲಗಿದಾಗ ಗೊರಗೊರ ಎನ್ನುವ ಎದೆ. ಮಗಳು ಸರಕಾರಿ ಮಿಷಿನ್ ರಿಪೇರಿ ಮಾಡ್ತಾಳ ಎಂದು ಓಣಿಯಲ್ಲಿ ಹೇಳಿಕೊಂಡು ಅಡ್ಡಾಡುವಾಗಿನ ಆ ನಡಿಗೆ. ಹೀಗೆಲ್ಲ ಯೋಚಿಸುತ್ತಿರುವಾಗಲೇ, ಹಡೆದ ತಾಯಿ ನೀರು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಎಲ್ಲಿಂದಲೋ ಬಂದು ಎದೆಗೆ ಗುದ್ದಿತು. ಗುದ್ದಿದ್ದು ನೋವಾಗಿ ಅಲ್ಲ. ಅದರಲ್ಲಿ ಒಂದು ಎಳೆ ಸಮಾಧಾನ ಇತ್ತು. ಈಗ ಗೊತ್ತಾಗಲಿ, ಕೈಯಿಂದ ನೀರು ತೆಗೆದುಕೊಳ್ಳದಿದ್ದರೆ ಹೇಗಿರುತ್ತದೆ ಎಂದು. ತನ್ನೊಳಗೆ ಅಂಥದ್ದೊಂದು ಇದೆ ಎಂದು ಕಂಡ ಕೂಡಲೇ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಚೀಲ ದಾಟಿ, ಕೋಳಿಯ ಹೆಂಗಸಿನ ಕಾಲು ತುಳಿದು, ಹೊರಟಿದ್ದ ಬಸ್ಸಿನಿಂದ ಇಳಿದಳು. ಆ ಹೆಂಗಸು, ಏನ್ ಬಂದದಬೇ ನಿನಗ ಎಂದು ಬೈದದ್ದು ಕೇಳಿಸಿತು.

ದೇವದುರ್ಗದ ಬಸ್ಸಿನಿಂದ ಅರಕೇರಾದಲ್ಲಿ ಇಳಿದಾಗ ಮಳೆ ಸಣ್ಣಗೆ ಜಿನುಗುತ್ತಿತ್ತು. ಪರಮಣ್ಣನ ಮನೆ ಯಾವುದೆಂದು ಕೇಳಿದರೆ, ಬಾವಿಯ ಹತ್ತಿರದವರು ಬಾಯಿಂದ ಹೇಳದೆ ಗದ್ದ ಎತ್ತಿ ತೋರಿಸಿದರು. ಮನೆಯ ಪಕ್ಕದ ಕುರಿಹಟ್ಟಿ ಖಾಲಿ ಇತ್ತು. ನೆಲದ ಮೇಲೆ ಹಿಕ್ಕೆ ನೀರಲ್ಲಿ ಕರಗಿ ಕಪ್ಪಗೆ ಹರಡಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಪರಮಣ್ಣ ಅವಳನ್ನು ಕಂಡು ಎದ್ದ. ಗಡ್ಡ ಬೆಳೆದು ಮುಖ ಬೇರೆಯೇ ಆಗಿತ್ತು. ಒಳಗೆ ಒಲೆಯ ಮುಂದೆ ಮುದುಕಿಯೊಬ್ಬಳು ಬೆನ್ನು ಮಾಡಿ ಕೂತಿದ್ದಳು. ತಾಯಿ ಆದೆಮ್ಮ ಇರಬೇಕು. ತಿರುಗಿ ನೋಡಲಿಲ್ಲ.

"ಬರ್ರಿ ಮೇಡಂ," ಎಂದ ಪರಮಣ್ಣ. ಕೂತಿದ್ದ ಕಂಬಳಿಯತ್ತ ಕೈ ಹೋಯಿತು, ತಡೆಯಿತು. ಅವಳು ಆ ತಡೆದ ಕೈಯನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಕೊನೆಗೆ ಇಬ್ಬರೂ ಬರಿ ನೆಲದ ಮೇಲೆ ಕೂತರು. "ಮತ್ತೇನರ ಬರಕೊಡಬೇಕೇನ್ರಿ? ಬಂದ್ ಮಾಡ್ತಿದ್ದೆ ಅಂತ ಸಾಹೇಬ್ರ ಮುಂದ ಹೇಳೀನಲ್ಲ."

"ಯಾವಾಗ ಬಂದ್ ಮಾಡ್ತಿದ್ರಿ?"

"ಮಧ್ಯಾಹ್ನ ಉಣ್ಣಾಕ ಹೋಗೋವಾಗ. ಬ್ಯಾಟರಿ ಬಿಸಿ ಆಗ್ತದ ಅಂತ ಹೆದರಿ ಬಂದ್ ಮಾಡ್ತಿದ್ದೆ. ಆ ದಿನಾನೂ ಮಾಡಿದ್ದೆ."

"ದೀಪ ಹಚ್ಚೋ ಹೊತ್ತಿಗೆ ಎಲ್ಲಿದ್ರಿ?"

"ಎಲ್ಲಿದ್ರಿ ಅಂದ್ರ? ಮಿಷಿನ್ ಮುಂದನ ಇದ್ದೆ."

"ಚಾಲೂ ಇತ್ತೇನು?"

"ಇತ್ತಲ್ರಿ. ಹಸರು ದೀಪ ಹತ್ತಿತ್ತು. ನನ್ನ ಕಡಿ ಅದು ಯಾವತ್ತೂ ಹಸರ ಇರ್ತದ." ಅವನು ಬೇಸರದಿಂದ ಮುಖ ಒರೆಸಿಕೊಂಡ. "ಅದನ್ಯಾಕ ಕೇಳ್ತೀರಿ? ಮಧ್ಯಾಹ್ನ ನಾ ಬಂದ್ ಮಾಡಿದಾಗ ಸುದ್ದಿ ಬಂದು ಹೋತು. ಅಷ್ಟ ಆತು."

ಗೋಪಮ್ಮನಿಗೆ ಈಗ ಅರ್ಥವಾಯಿತು. ಈ ಮನುಷ್ಯನಿಗೆ ಯಾರೂ ಹೇಳಿಲ್ಲ. ವಿಚಾರಣೆಯಲ್ಲಿ ಅವನನ್ನು ಕೇಳಿದ್ದು ಬಂದ್ ಮಾಡ್ತಿದ್ದೆಯೋ ಇಲ್ಲವೋ ಎಂದು ಮಾತ್ರ. ಸುದ್ದಿ ಯಾವ ಹೊತ್ತಿಗೆ ಬಿಟ್ಟರು ಎಂದು ಅವನು ಕೇಳಿಲ್ಲ, ಇವರು ಹೇಳಿಲ್ಲ. ತಾನು ಊಟಕ್ಕೆ ಹೋದ ಹೊತ್ತಿನಲ್ಲೇ ತಮ್ಮನ ಸಾವು ಬಂದು ಬಾಗಿಲು ತಟ್ಟಿ ತಿರುಗಿ ಹೋಯಿತೆಂದು ನಂಬಿ, ಅಂದಿನಿಂದ ಇವನು ಈ ಗೋಡೆಗೆ ಒರಗಿ ಕೂತಿದ್ದಾನೆ.

"ಸುದ್ದಿ ಬಿಟ್ಟಿದ್ದು ಮಧ್ಯಾಹ್ನ ಅಲ್ರಿ. ದೀಪ ಹಚ್ಚೋ ಹೊತ್ತಿಗೆ. ನೀವು ಮಿಷಿನ್ ಮುಂದ ಕುಂತಿದ್ರಿ. ಮಿಷಿನ್ ಚಾಲೂ ಇತ್ತು. ಆದ್ರೂ ಸುದ್ದಿ ಬರ್ಲಿಲ್ಲ. ಯಾಕಂದ್ರ ಮಾನ್ವಿಯಾಗ ನಾ ಒಂದು ಚಕ್ರ ತಿರುಗಿಸೋದು ಬಿಟ್ಟಿದ್ದೆ. ನಿಮ್ಮ ಮಿಷಿನ್ ಎರಡು ನಿಮಿಷಕ್ಕೊಮ್ಮೆ ಕೂಗ್ತಿತ್ತು, ಮಾನ್ವಿಯದು ಒಂದ ನಿಮಿಷ ಕಾಯ್ತಿತ್ತು. ನೀವು ಕೂಗೋದ್ರೊಳಗ ಅದು ನಿಮ್ಮನ್ನ ಸತ್ತೀರಿ ಅಂತಿತ್ತು. ಇವತ್ತ ಮುಚ್ಚಳ ತಗದು ನೋಡೀನಿ. ತಪ್ಪು ನಂದು."

ಪರಮಣ್ಣನ ತುಟಿಗಳು ಅಲುಗಿದವು, ಎರಡು, ಒಂದು ಎಂದು ಒಳಗೇ ಎಣಿಸುತ್ತಿದ್ದವನಂತೆ. ಅವನು ಬೈಯುತ್ತಾನೆ, ಎದ್ದು ಬಡಿಯುತ್ತಾನೆ, ಅತ್ತುಬಿಡುತ್ತಾನೆ, ಯಾವುದಕ್ಕೂ ಅವಳು ಮೈ ಗಟ್ಟಿ ಮಾಡಿಕೊಂಡು ಕೂತಿದ್ದಳು. ಅವನು ಕೇಳಿದ್ದು ಬೇರೆ. "ಮೇಡಂ, ಇದು ಖರೇ ಏನ್ರಿ? ಇಲ್ಲಾ ನನ್ನ ಮಾರಿ ನೋಡಿ ಕನಿಕರ ಬಂದು ಹೇಳಾಕತ್ತೀರೇನು? ಖಾಸಿಂ ಸಾಬ್ರೂ ಮೊನ್ನೆ ಬಂದು ಹಿಂಗ ಸಮಾಧಾನ ಹೇಳಿ ಹೋದ್ರು. ಎಲ್ಲಾ ದೇವರ ಆಟ, ನಿಂದೇನದ ಅಂತ. ಹಂಗೇನರ ಇದ್ರ ನನಗ ಬ್ಯಾಡ್ರಿ."

"ನಿಮ್ಮ ಮ್ಯಾಲ ನನಗ ಕನಿಕರ ಇಲ್ಲ," ಎಂದಳು ಗೋಪಮ್ಮ. ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಒಳಗೆ ಮುದುಕಿಯ ಬೆನ್ನು ಅಲುಗಿತು. "ಸಿಟ್ಟದ. ನಾ ಕುಡದ ಗ್ಲಾಸು ನೀವು ಕಾಗದದಾಗ ಹಿಡದು ಜಾಲ್ಯಾಗ ಒಗದ್ರಿ. ನಾ ತಿರುಗಿ ಬಂದು ನೋಡೀನಿ. ಅವತ್ತ ಸಂಜೀಕ ಆ ಚಕ್ರ ಬಿಟ್ಟೆ. ಸಾಹೇಬ್ರು ಕೇಳಿದಾಗ ನೀವು ಬಂದ್ ಮಾಡ್ತಿರಬಹುದು ಅಂದೆ. ನಿಮಗ ಸಮಾಧಾನ ಹೇಳಾಕ ನಾ ಯಾಕ ಬರಲಿ?"

ಪರಮಣ್ಣನ ಕಣ್ಣುಗಳು ದೊಡ್ಡವಾದವು. ಮುಖದ ರಕ್ತವೆಲ್ಲ ಇಳಿದುಹೋಯಿತು. ತಮ್ಮನ ವಿಷಯ ಹೇಳಿದಾಗಲೂ ಅವನು ಹೀಗೆ ಬಿಳಿಚಿಕೊಂಡಿರಲಿಲ್ಲ. "ಅದನ್ನ... ನೋಡಿದ್ರೇನು," ಎಂದ. ಇಲ್ಲ ಎನ್ನಲಿಲ್ಲ, ಹಾಗಲ್ಲ ಎನ್ನಲಿಲ್ಲ. ನೆಲ ನೋಡುತ್ತ ಕೂತ. ಮಳೆ ಜೋರಾಯಿತು, ಮತ್ತೆ ಇಳಿಯಿತು. ತಲೆ ಎತ್ತಿದಾಗ ಅವನ ಮುಖದಲ್ಲಿ ನಂಬಿಕೆ ಬಂದಿತ್ತು. ಅದು ನೋಡಲು ಭಯಂಕರವಾಗಿತ್ತು. "ಹಂಗಾದ್ರ ನಾ ಅಲ್ಲ," ಎಂದ. "ನಾ ಅಲ್ಲ," ಎಂದು ಮತ್ತೆ ಅಂದ. ಆಮೇಲೆ ಕೈಮುಗಿದ. "ಇದನ್ನ ನಮ್ಮವ್ವಗ ಹೇಳ್ರಿ. ನಾ ಹೇಳಿದ್ರ ಆಕಿ ಕೇಳಂಗಿಲ್ಲ. ನೀವ ಹೇಳ್ರಿ."

ಇದನ್ನು ಅವಳು ಲೆಕ್ಕ ಹಾಕಿರಲಿಲ್ಲ. ಪರಮಣ್ಣನಿಗೆ ಹೇಳಿ, ಅವನು ಬೈದದ್ದನ್ನು ಬೈಸಿಕೊಂಡು, ಬಸ್ಸು ಹಿಡಿಯುವುದು ಎಂದಷ್ಟೇ ತಿಳಿದಿದ್ದಳು. ಬಾಗಿಲವರೆಗೆ ಹೋಗಿ ಹೊಸ್ತಿಲ ಹೊರಗೆ ನಿಂತಳು. ಆದೆಮ್ಮ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಕಣ್ಣೀರಿನ ಹಂತ ದಾಟಿ ಎಂದೋ ಒಣಗಿಹೋದ ಮುಖ. ಚಕ್ರ, ನಿಮಿಷ ಎಂದು ಶುರು ಮಾಡಿದ ಗೋಪಮ್ಮ, ಅದು ಈ ಹೆಂಗಸಿಗೆ ಹೇಳುವ ಮಾತಲ್ಲವೆಂದು ನಡುವೆಯೇ ನಿಲ್ಲಿಸಿದಳು. "ಯವ್ವಾ, ನಿನ್ನ ದೊಡ್ಡ ಮಗಂದು ತಪ್ಪಿಲ್ಲ. ಅಂವ ಕೆಲಸದ ಮ್ಯಾಲ ಇದ್ದ. ನೀರು ಬರ್ತದ ಅನ್ನೋ ಸುದ್ದಿ ಅಂವಗ ಮುಟ್ಟಲಿಲ್ಲ. ಮುಟ್ಟದಂಗ ಆಗಿದ್ದು ನನ್ನ ಕೈಯಿಂದ."

"ನಿನ್ನ ಕೈಯಿಂದ," ಎಂದಳು ಆದೆಮ್ಮ. ಪ್ರಶ್ನೆಯಲ್ಲ ಅದು. ಅವಳ ನೋಟ ಇಳಿದು ಗೋಪಮ್ಮನ ಕೈಗಳ ಮೇಲೆ ನಿಂತಿತು. ಗೋಪಮ್ಮನಿಗೆ ಅವನ್ನು ಸೆರಗಿನೊಳಗೆ ಬಚ್ಚಿಡಬೇಕೆನಿಸಿತು, ಇಡಲಿಲ್ಲ. "ಎಷ್ಟು ಎಳೀಕಿ ಅದೀ," ಎಂದಳು ಮುದುಕಿ. "ನಿಮ್ಮವ್ವ ಅದಾಳೇನು?"

"ಅದಾಳ."

"ಆಕಿಗಿ ಹೇಳೀಯೇನು ಇದನ್ನ?"

"ಇಲ್ಲ ಯವ್ವಾ. ಇವತ್ತ ಗೊತ್ತಾಗ್ಯಾದ ನನಗ."

"ಹೇಳಬ್ಯಾಡ," ಎಂದಳು ಆದೆಮ್ಮ.

ಅದು ಕನಿಕರವೋ, ಶಾಪವೋ, ಹಡೆದವಳಿಗೆ ಹಡೆದವಳು ಕೊಟ್ಟ ರಿಯಾಯಿತಿಯೋ, ಗೋಪಮ್ಮನಿಗೆ ತಿಳಿಯಲಿಲ್ಲ. ಮುದುಕಿ ಗೋಡೆ ಹಿಡಿದು ಎದ್ದಳು. ಹೊಸ್ತಿಲು ದಾಟಿ ಬಂದು, ಇವಳ ಪಕ್ಕದಿಂದಲೇ ಹಾದು, ಪಡಸಾಲೆಯಲ್ಲಿ ಕೂತಿದ್ದ ಮಗನ ಮುಂದೆ ಕುಸಿದಳು. ಅವನ ಗಡ್ಡದ ಮುಖವನ್ನು ಎರಡೂ ಕೈಯಿಂದ ಹಿಡಿದು, ಏನೂ ಅನ್ನದೆ, ಹಿಂದೆ ಮುಂದೆ ತೂಗತೊಡಗಿದಳು. ಆಗ ಪರಮಣ್ಣನ ಬಾಯಿಂದ ಬಂದ ಸದ್ದನ್ನು ಕೇಳುತ್ತ ನಿಲ್ಲಲು ಗೋಪಮ್ಮನಿಗೆ ಆಗಲಿಲ್ಲ. ಮಳೆಯಲ್ಲೇ ಬಸ್ಸಿನ ದಾರಿಗೆ ನಡೆದಳು.

ಮರುದಿನ ಬುರ್ಹಾನುದ್ದೀನ್ ಸಾಹೇಬರು ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಮಾತಾಡಿದರು. ಅವರೇನೂ ಕೆಟ್ಟವರಲ್ಲ. ಯಂತ್ರ ಹೊಸದು, ತಪ್ಪು ಯಾರಿಂದಲಾದರೂ ಆಗುತ್ತಿತ್ತು, ಯಂತ್ರದ ದೋಷ ಎಂದು ಬರೆದರೆ ಇಬ್ಬರೂ ಉಳಿಯುತ್ತೀರಿ ಎಂದರು. ಪರಮಣ್ಣನ ಮನೆಗೆ ಹೋಗಿ ಬಂದೆ ಎಂದು ಅವಳು ಹೇಳಿದಾಗ ಮಾತ್ರ ಕುರ್ಚಿಯ ತೋಳು ಹಿಡಿದುಕೊಂಡರು. "ಹೋಗಿ ಹೇಳಿದ್ರೇನು? ಆ ತಾಯಿ ಮುಂದ? ಯಾರು ಹೇಳಿದ್ರು ನಿಮಗ ಹೋಗಾಕ?" ಅವರ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು, ತಾವು ಎಂದೂ ಹೋಗಲಾರದ ಮನೆಯೊಂದನ್ನು ಅವಳು ತೋರಿಸಿದಂತೆ ಅವರು ಕಣ್ಣು ತಪ್ಪಿಸಿದರು. ಇನ್ನು ಯಂತ್ರದ ದೋಷ ಎಂದು ಬರೆಯುವಂತಿರಲಿಲ್ಲ. ಪರಮಣ್ಣನನ್ನು ತಿರುಗಿ ತೆಗೆದುಕೊಳ್ಳಲು ಆದೇಶ ಹೋಯಿತು. ಗೋಪಮ್ಮನ ಕೆಲಸ ಅಂದಿಗೇ ನಿಂತಿತು. ಕೀಲಿ, ಟಾರ್ಚು, ತಿರುಪುಳಿ ಎಲ್ಲವನ್ನೂ ಮೇಜಿನ ಮೇಲಿಟ್ಟು ಹೊರಗೆ ಬಂದಾಗ ನಡುಹಗಲು. ಆ ಹೊತ್ತಿನಲ್ಲಿ ರಾಯಚೂರು ಹೇಗಿರುತ್ತದೆಂದು ನೌಕರಿ ಸೇರಿದ ಮೇಲೆ ಅವಳು ನೋಡಿರಲೇ ಇಲ್ಲ. ಆಟೋಗಳು, ಅಕ್ಕಿಗಿರಣಿಯ ತೌಡಿನ ವಾಸನೆ, ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು. ಎಲ್ಲ ಮೊದಲಿನ ಹಾಗೆಯೇ ನಡೆದಿತ್ತು. ಅದು ಹೇಗೆ ಸಾಧ್ಯ ಎಂದು ಅವಳಿಗೆ ಆಶ್ಚರ್ಯವಾಯಿತು.

ಮನೆಗೆ ಹೋಗದೆ ಮಿಲ್ಲಿನ ಗೇಟಿಗೆ ಬಂದಳು. ಊಟದ ಭೋಂಗಾ ಕೂಗಿ ಹೆಂಗಸರು ಹೊರಗೆ ಬರುತ್ತಿದ್ದರು. ವೆಂಕಮ್ಮ ಸೆರಗಿನಿಂದ ಮುಖ ಒರೆಸುತ್ತ ಬಂದವಳು ಮಗಳನ್ನು ಕಂಡು ನಿಂತಳು. "ಯಾಕಬೇ, ಈ ಹೊತ್ತಿನಾಗ? ಆರಾಮ ಅದೀ ಇಲ್ಲೋ? ಏನಾತು?"

ಆರಾಮಿಲ್ಲ ಎನ್ನಬಹುದಿತ್ತು, ರಜೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವ್ವನ ಹುಬ್ಬಿನ ಮೇಲಿನ ಹತ್ತಿಯ ಎಳೆಯೊಂದನ್ನು ಬೆರಳಿಂದ ತೆಗೆಯುತ್ತ ಗೋಪಮ್ಮ ಹೇಳಿದಳು:

"ಯವ್ವಾ, ಅರಕೇರಾದಾಗ ಒಬ್ಬಾಕಿ ಮಗ ಸತ್ತಾನ."

"ಅಯ್ಯ, ಪಾಪ! ಹೆಂಗವ್ವಾ?" ಎಂದಳು ವೆಂಕಮ್ಮ, ಗೇಟಿನ ನೆರಳಿಗೆ ಮಗಳನ್ನು ಎಳೆದುಕೊಳ್ಳುತ್ತ.

"ಕುಂದ್ರು, ಹೇಳ್ತೀನಿ," ಎಂದಳು ಗೋಪಮ್ಮ.